ಗದ್ದಕ್ಕೆ ಜರಡಿ ಕಟ್ಟಿಕೊಂಡ ವಿಮಾನ

ನಮ್ಮ ಮಲಗುವ ಕೋಣೆಯ ಎಸಿಗೆ ಫಿಲ್ಟರ್ ಇಲ್ಲ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಆರು ಕಟ್ಟಡಗಳ ಎಸಿ ನೋಡಿಕೊಳ್ಳುವ ಮೇಲ್ವಿಚಾರಕನಾದ ನಾನು ಇದನ್ನು ಹೀಗೆ ಬರೆದು ಒಪ್ಪಿಕೊಳ್ಳಬಾರದು. ಬಾಡಿಗೆದಾರರ ಮನೆಗೆ ಹೋಗಿ, ಫಿಲ್ಟರ್ ಹೊರಗೆಳೆದು, ಅದರ ಮೇಲೆ ಕೂತ ಧೂಳನ್ನು ಅವರ ಮೂಗಿನ ಹತ್ತಿರ ಹಿಡಿದು, ‘ಇದು ನಿಮ್ಮ ಎದೆಗೂಡಿಗೆ ಹೋಗಬೇಕಾಗಿತ್ತು ನೋಡಿ’ ಎಂದು ಉಪದೇಶ ಮಾಡುವವನು ನಾನೇ. ಕಳೆದ ಬೇಸಿಗೆಯಲ್ಲಿ, ಫಿಲ್ಟರ್ ತೆಗೆದರೆ ಗಾಳಿ ಇನ್ನೂ ಜೋರಾಗಿ ಬರುತ್ತದೆಂದು ಅದನ್ನು ಕಿತ್ತು ಮಂಚದಡಿಗೆ ತಳ್ಳಿದವನೂ ನಾನೇ. ಹನ್ನೆರಡನೇ ಕ್ಲಾಸಿನಲ್ಲಿರುವ ಮಗಳು ಅನ್ವಿ ಅದನ್ನು ನೋಡಿ, “ಪಪ್ಪಾ, ಯು ಆರ್ ಲೈಕ್ ಎ ಡಾಕ್ಟರ್ ಹೂ ಸ್ಮೋಕ್ಸ್” ಎಂದಳು. ನಾನು ಕೇಳಿಸದವನಂತೆ ಮಗ್ಗುಲು ಬದಲಿಸಿದೆ.

ಇಂಥ ಹೊತ್ತಿನಲ್ಲಿ ನನ್ನ ಸಮಾಧಾನಕ್ಕೆ ಒಂದು ವಿಮಾನ ಒದಗಿಬರುತ್ತದೆ. ಬಸ್ಸಿನಲ್ಲಿ ಕೂತು ಎರಡನೇ ಮಹಾಯುದ್ಧದ ಕಪ್ಪುಬಿಳುಪು ಚಿತ್ರಗಳನ್ನು ಫೋನಿನಲ್ಲಿ ನೋಡುವುದು ನನ್ನ ಹಳೆಯ ಚಟ. ಅದರಲ್ಲಿ ಹರಿಕೇನ್ ಎಂಬ ಬ್ರಿಟಿಷ್ ಯುದ್ಧವಿಮಾನವೊಂದು ಬರುತ್ತದೆ. ಈಜಿಪ್ಟ್, ಲಿಬಿಯಾಗಳ ಮರುಭೂಮಿಗೆ ಅದನ್ನು ಕಳಿಸುವಾಗ ಗದ್ದದ ಕೆಳಗೆ ಧೂಳು ಸೋಸುವ ದೊಡ್ಡ ಜರಡಿಯೊಂದನ್ನು ಕೂರಿಸಿದರು. ಮಂಗನಬಾವು ಬಂದ ಮುಖದ ಹಾಗೆ ಕಾಣುತ್ತದೆ. ಜರಡಿ ಇಲ್ಲದಿದ್ದರೆ ಮರಳು ಒಳಹೊಕ್ಕು ಎಂಜಿನ್ನನ್ನು ಉಜ್ಜಿ ಉಜ್ಜಿ ಬೇಗನೆ ಮುಗಿಸಿಬಿಡುತ್ತಿತ್ತು. ಇದ್ದರೆ ಎಂಜಿನ್ ಬದುಕುತ್ತಿತ್ತು, ಆದರೆ ವೇಗ ಕಡಿಮೆಯಾಗುತ್ತಿತ್ತು. ಬೆನ್ನ ಹಿಂದೆ ಶತ್ರು ಬರುತ್ತಿರುವಾಗ ಪೈಲಟ್ ಆ ಜರಡಿಗೆ ಎಷ್ಟು ಶಾಪ ಹಾಕಿರಬಹುದೋ. ನಾನಂತೂ ಬರೀ ಸೆಕೆಗೇ ಸೋತವನು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಆರಂಭದಲ್ಲಿ ಹೊಸ, ಚುರುಕಾದ ವಿಮಾನಗಳನ್ನು ತಮ್ಮ ಊರಿನ ರಕ್ಷಣೆಗೆ ಇಟ್ಟುಕೊಂಡು, ಮರಳುಗಾಡಿಗೆ ಹರಿಕೇನ್‌ಗಳನ್ನು ಕಳಿಸಿದರಂತೆ. ಉಡುಪಿಯಲ್ಲಿ ನಮ್ಮಪ್ಪನೂ ಹೆಚ್ಚುಕಡಿಮೆ ಹಾಗೆಯೇ ಮಾಡಿದರು. ಜಾಣ ತಮ್ಮನನ್ನು ಹತ್ತಿರ ಇಟ್ಟುಕೊಂಡು, ಡಿಪ್ಲೊಮಾದಲ್ಲಿ ಎರಡು ಸಲ ಫೇಲಾದ ನನ್ನನ್ನು ಗಲ್ಫ್ ವಿಮಾನ ಹತ್ತಿಸಿದರು. ಮುಂದೆ ಆಕಾಶದಲ್ಲಿ ಜರ್ಮನ್ ವಿಮಾನಗಳಿಗೆ ಸಾಟಿಯಾಗದೆ ಹೋದಾಗಲೂ ಹರಿಕೇನ್‌ಗೆ ನಿವೃತ್ತಿ ಸಿಗಲಿಲ್ಲ. ರೆಕ್ಕೆಯಡಿ ಎರಡು ದೊಡ್ಡ ಫಿರಂಗಿ ಕಟ್ಟಿ, ನೆಲಕ್ಕೆ ಹತ್ತಿರ ಹಾರಿ ಟ್ಯಾಂಕ್ ಒಡೆಯುವ ಕೆಲಸ ಕೊಟ್ಟರು. ಆ ಭಾರಕ್ಕೆ ಅದು ಇನ್ನಷ್ಟು ನಿಧಾನವಾಯಿತು. ನನಗೂ ಮೊದಲು ಎರಡು ಕಟ್ಟಡಗಳಿದ್ದವು. ದಣಿದಂತೆ ಕಂಡಾಗ ಇನ್ನು ನಾಲ್ಕು ಸೇರಿಸಿ ಮೇಲ್ವಿಚಾರಕ ಎಂದು ಹೆಸರಿಟ್ಟರು.

ಚಳಿಗಾಲದ ಹೊತ್ತಿಗೆ ನನಗೆ ಕೆಮ್ಮು ಹತ್ತಿತು. ಅದೇ ಸಮಯಕ್ಕೆ ವೀಸಾ ನವೀಕರಣದ ಮೆಡಿಕಲ್ ತಪಾಸಣೆ ಕೂಡ ಬಂತು. ಇಲ್ಲಿರುವವರಿಗೆ ಗೊತ್ತು, ಎದೆಯ ಎಕ್ಸ್‌ರೇಯಲ್ಲಿ ಏನಾದರೂ ಕಂಡರೆ ವೀಸಾ ಉಳಿಯುವುದು ಕಷ್ಟ. ನನ್ನ ಹೆಂಡತಿ ಶಶಿಕಲಾ, ಮಗಳು ಇಬ್ಬರೂ ನನ್ನ ವೀಸಾದ ಮೇಲೇ ಇರುವವರು. ನಾನು ಹೊರಟರೆ ಮೂರೂ ಜನ ಹೊರಟಂತೆ, ಅದೂ ಮಗಳ ಬೋರ್ಡ್ ಪರೀಕ್ಷೆ ಎದುರಿಗಿರುವಾಗ. ನಾನು ಉಸಿರು ಬಿಗಿಹಿಡಿದು ಯಂತ್ರದ ಮುಂದೆ ನಿಂತೆ. ಮೂರನೇ ದಿನ ಫೋನ್ ಬಂತು, ಇನ್ನೊಮ್ಮೆ ಎಕ್ಸ್‌ರೇ ತೆಗೆಯಬೇಕು, ಬನ್ನಿ ಎಂದರು. ಎರಡನೇ ಸಲ ತೆಗೆದವನು ನನ್ನ ಮುಖ ನೋಡದೆ, “ಖಲಾಸ್, ಮೆಸೇಜ್ ಆಯೇಗಾ” ಎಂದ; ಮುಗಿಯಿತು, ಫಲಿತಾಂಶ ಫೋನಿಗೆ ಬರುತ್ತದೆ ಎಂದರ್ಥ.

ಮೆಸೇಜಿಗೆ ಕಾದ ಆ ಒಂದು ವಾರದ ಬಗ್ಗೆ ನಿಜ ಹೇಳಬೇಕು. ನನಗೆ ಭಯವಾಗಿತ್ತು, ಮಗಳ ಪುಸ್ತಕಗಳನ್ನು ನೋಡಿದಾಗಲೆಲ್ಲ ಅದು ಇನ್ನೂ ಹೆಚ್ಚುತ್ತಿತ್ತು. ಆದರೆ ಆ ಭಯದ ಅಡಿಯಲ್ಲಿ ನಾಚಿಕೆಗೇಡಿನ ಒಂದು ಆಸೆಯೂ ಇತ್ತು. ಏನಾದರೂ ಕಾಣಲಿ ಎಂಬ ಆಸೆ. ದೊಡ್ಡ ಕಾಯಿಲೆ ಬೇಡ, ಒಂದು ಸಣ್ಣ ಕಲೆ ಸಾಕು. ಹತ್ತೊಂಬತ್ತು ವರ್ಷದಿಂದ ಏಣಿ ಹತ್ತಿ ಇಳಿದು ನನಗೆ ಸಾಕಾಗಿತ್ತು, ಅದನ್ನು ಹೇಳುವ ಧೈರ್ಯವಿರಲಿಲ್ಲ. ವಿಮಾನವೂ ತಾನಾಗಿ ‘ನನ್ನಿಂದಾಗದು’ ಎನ್ನುವಂತಿಲ್ಲವಲ್ಲ. ಮೆಕ್ಯಾನಿಕ್ ಒಬ್ಬ ಬಂದು ಬಗ್ಗಿ ನೋಡಿ, ಎಂಜಿನ್ ಸವೆದಿದೆ ಎಂದು ಬರೆದುಕೊಟ್ಟರೆ ಅದರ ಮಾನವೂ ಉಳಿಯುತ್ತದೆ. ನಾನು ಅಂಥ ಒಂದು ಚೀಟಿಗಾಗಿ ಕಾಯುತ್ತಿದ್ದೆ.

ಶನಿವಾರ ಬೆಳಿಗ್ಗೆ ಮೆಸೇಜ್ ಬಂತು. ನಾನು ಫಿಟ್. ಅನ್ವಿ ಊದ್ ಮೇಥಾಕ್ಕೆ ಟ್ಯೂಷನ್ನಿಗೆ ಹೋಗಿದ್ದಳು. ಶಶಿಕಲಾ ಫೋನ್ ಇಸಿದುಕೊಂಡು ಎರಡು ಸಲ ಓದಿದಳು. ದೇವರ ಫೋಟೊದ ಕಡೆ ಕೈಮುಗಿಯುತ್ತಾಳೆ ಅಂದುಕೊಂಡೆ. ಅವಳು ಕುರ್ಚಿ ಎಳೆದು ಮೆಲ್ಲಗೆ ಕೂತಳು.

“ಹಾಗಾದ್ರೆ ಅಕ್ಕಿ ತರ್ಬೇಕು” ಎಂದಳು. “ಮನೆಯಲ್ಲಿ ಎಂತದೂ ಇಲ್ಲ.”

“ಯಾಕೆ, ತರ್ಲಿಲ್ವಾ?”

“ನಿಮಗೆ ಎರಡನೇ ಸಲ ಕರೆದ್ರಲ್ಲ, ಆವಾಗ್ಲಿಂದ ಒಂದೊಂದು ಕಿಲೋದ್ದೇ ತರ್ತಾ ಇದ್ದೆ. ಊರಿಗೆ ಹೋಗುವುದಾದ್ರೆ ಅಕ್ಕಿ ಉಳಿಯುವುದು ಬೇಡ ಅಂತ.” ನನ್ನ ಕಡೆ ನೋಡದೆ, “ಸೂಟ್‌ಕೇಸೂ ಒರೆಸಿ ಇಟ್ಟಿದ್ದೆ” ಎಂದಳು.

ಅವಳ ದನಿಯಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಿತ್ತು. ಒಂದೇ ಮಂಚದಲ್ಲಿ ಮಲಗಿ ಇಬ್ಬರೂ ಒಂದೇ ಚೀಟಿಗೆ ಕಾದಿದ್ದೇವೆ, ಒಬ್ಬರಿಗೊಬ್ಬರು ಹೇಳದೆ. ನನಗೆ ಅಳು ಬರುವ ಹಾಗಾಯಿತು.

“ನನಗೆ ಸಾಕಾಗಿದೆ” ಎಂದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

“ನನಗೂ” ಎಂದಳು. “ಮಗುವಿನ ಪರೀಕ್ಷೆ ಒಂದು ಮುಗೀಲಿ ಮಾರಾಯ್ರೆ. ಮತ್ತೆ ನಾವೇ ಹೇಳಿ ಹೊರಡುವ.”

ನಾನು ಚಪ್ಪಲಿ ಮೆಟ್ಟಿಕೊಂಡು ಅಕ್ಕಿಗೆ ಹೊರಟೆ. ಬಾಗಿಲು ದಾಟುವಾಗ ಅವಳು ಹಿಂದಿನಿಂದ ಕರೆದಳು. “ದೊಡ್ಡ ಚೀಲ ತರಬೇಡಿ. ಐದು ಕಿಲೋದ್ದು ಸಾಕು.”