ಬನ್ನಕ್ಕನ ಪಥ್ಯ

ಬೀದಿಯವರಿಗೆಲ್ಲ ಅವಳು ಬನ್ನಕ್ಕ. ಮೂಲೆಯ ಬೇಕರಿಯಲ್ಲಿ ಹಿಟ್ಟು ನಾದುವುದರಿಂದ ಹಿಡಿದು ಕೇಕಿನ ಮೇಲೆ ಕ್ರೀಮಿನ ಹೂ ಅರಳಿಸುವವರೆಗೆ ಒಳಗಿನ ಕೆಲಸವೆಲ್ಲ ಅವಳದು. ಗಲ್ಲಾದಲ್ಲಿ ಗಂಡ. ಅವನ ಪಕ್ಕದ ಸ್ಟೂಲಿನ ಮೇಲೆ ರಟ್ಟಿನ ಡಬ್ಬಿ ಮಡಿಸುತ್ತ, ಬಂದವರನ್ನೆಲ್ಲ ಮಾತಿಗೆಳೆಯುತ್ತ ಕೂರುವವಳು ಅತ್ತೆ.

ಒಂದು ಬೆಳಿಗ್ಗೆ ಅವಳ ಎರಡೂ ಕೈ ಹಿಟ್ಟಿನಲ್ಲಿದ್ದವು. ಬಿಚ್ಚಿಹೋದ ಟೋಪಿಯ ದಾರ ಕಟ್ಟಲು ಬಂದ ಗಂಡ ಹಾಗೇ ನಿಂತುಬಿಟ್ಟ.

“ಇಲ್ಲಿ ಕೂದಲೇ ಇಲ್ವಲ್ಲೇ! ಬಿಸ್ಕತ್ತಿನಷ್ಟು ಜಾಗ ನುಣ್ಣಗಾಗಿದೆ.”

ನೋಡನೋಡುತ್ತ ಅಂಥವು ಇನ್ನೆರಡು ಕಾಣಿಸಿಕೊಂಡವು. ಪಕ್ಕದ ಮನೆಯಾಕೆ ಈರುಳ್ಳಿ ರಸ ಹಚ್ಚಲು ಹೇಳಿದಳು. ಹಚ್ಚಿಕೊಂಡ ದಿನ ಗಿರಾಕಿಗಳೆಲ್ಲ ಮೂಗು ಅರಳಿಸಿ, “ಇವತ್ತು ಖಾರದ ಬನ್ನು ಮಾಡಿದ್ದೀರಾ?” ಎಂದು ಕೇಳತೊಡಗಿದರು. ಅಲ್ಲಿಗೆ ಈರುಳ್ಳಿ ಸಾಕಾಯಿತು.

ಚರ್ಮದ ಡಾಕ್ಟರಮ್ಮ ತಲೆಯನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು: “ಮೈ ಕಾಯಬೇಕಾದ ಶಕ್ತಿನೇ ದಾರಿ ತಪ್ಪಿ ಕೂದಲಿನ ಬುಡಕ್ಕೆ ಕೈ ಹಾಕಿದೆ.”

“ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ,” ಎಂದಳು ಜೊತೆಗೆ ಬಂದಿದ್ದ ಅತ್ತೆ.

“ಸರಿಯಾಗಿ ಹೇಳಿದ್ರಿ ಅಜ್ಜಿ. ಇಂಜೆಕ್ಷನ್ ಕೊಡ್ತೀನಿ. ಉರಿಯೂತ ತಗ್ಗಿಸೋ ಊಟ ಅಂತ ಒಂದಿದೆ. ಸೊಪ್ಪು, ಕಾಳು, ಮೀನು, ಅಕ್ರೋಟು, ಹಣ್ಣು. ಸಕ್ಕರೆ, ಮೈದಾ, ಕರಿದಿದ್ದು ಬಿಡಬೇಕು. ಅದರಿಂದಾನೇ ಕೂದಲು ಬರುತ್ತೆ ಅಂತ ಮಾತು ಕೊಡಲ್ಲ. ಆದ್ರೆ ಮಾಡಿದ್ರೆ ಕೆಟ್ಟದ್ದೇನಿಲ್ಲ.”

“ಮಾಡ್ತೀನಿ,” ಎಂದಳು ಬನ್ನಕ್ಕ. ಸುಮ್ಮನೆ ಕೂತು ದಿಂಬಿನ ಮೇಲೆ ಉದುರಿದ್ದನ್ನು ನೋಡುವುದಕ್ಕಿಂತ ಏನಾದರೊಂದು ಮಾಡುವುದೇ ಅವಳ ಸ್ವಭಾವ.

ಆದರೆ ಸಕ್ಕರೆ, ಮೈದಾ ಬಿಟ್ಟವಳು ಬೇಕರಿ ನಡೆಸುವುದು ಹೇಗೆ? ರುಚಿ ನೋಡುವವರು ಯಾರು? ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದಳು. “ನಾನಿದ್ದೀನಲ್ಲ! ಸೊಸೆಗೋಸ್ಕರ ಇಷ್ಟೂ ಮಾಡದಿದ್ರೆ ಹೇಗೆ?” ತ್ಯಾಗ ಮಾಡುವವಳ ಮುಖ ಮಾಡಿಕೊಂಡು ಅವಳು ಕ್ರೀಮಿನ ಬಟ್ಟಲಿಗೆ ಚಮಚ ಇಳಿಸಿದಳು. ತೊಂದರೆಯೆಂದರೆ ಅವಳಿಗೆ ಎಲ್ಲವೂ ಅಮೃತ. ಉಪ್ಪು ಹೆಚ್ಚಾದ ಬಿಸ್ಕತ್ತಿಗೂ “ಭಾರೀ ಚೆನ್ನಾಗಿದೆ” ಎಂದಳು. ಸಂಜೆಯೊಳಗೆ ಅಷ್ಟೂ ಬಿಸ್ಕತ್ತು ವಾಪಸು ಬಂತು. ಬರಬರುತ್ತ ಅತ್ತೆಯೂ ಕಣ್ಣು ಮುಚ್ಚಿ, ನಿಧಾನವಾಗಿ ಅಗಿದು, “ಏಲಕ್ಕಿ ಸಾಲದು” ಎನ್ನುವಷ್ಟು ಪಳಗಿದಳು.

ಮನೆಯಲ್ಲಿ ಮೂವರಿಗೂ ಒಂದೇ ಅಡುಗೆ. ವಾರವಿಡೀ ಸೊಪ್ಪು ತಿಂದ ಗಂಡ ತಟ್ಟೆ ನೋಡಿ, “ಇನ್ನು ಮ್ಯಾಂ ಅನ್ನೋದೊಂದು ಬಾಕಿ,” ಎಂದ. ಬನ್ನಕ್ಕ ನಕ್ಕು ಇನ್ನೊಂದು ಸೌಟು ಬಡಿಸಿದಳು. ಅವನು ಅದನ್ನೂ ತಿಂದ.

ಒಂದು ಮಧ್ಯಾಹ್ನ ಮಾತ್ರ ಅವಳ ಪಥ್ಯದ ಕಟ್ಟು ಮುರಿಯಿತು. ಅಂದು ಬಾಚಣಿಗೆಯಲ್ಲಿ ಒಂದು ಹಿಡಿ ಕೂದಲು ಬಂದಿತ್ತು. ಒಲೆಯಿಂದ ಆಗತಾನೇ ತೆಗೆದ ಬನ್ನನ್ನು ಕೈ ಸುಡುತ್ತಿದ್ದರೂ ಮುರಿದು ತಿಂದು, ಹಿಟ್ಟಿನ ಚೀಲಕ್ಕೊರಗಿ ಅತ್ತಳು.

ಅತ್ತೆ ಪಕ್ಕದಲ್ಲಿ ಕೂತಳು. “ತಿಂದಿದ್ದಕ್ಕೆ ಅಳೋದಾ ಹುಡುಗಿ? ಇನ್ನೂ ಅರ್ಧ ಇದೆ, ಇತ್ತ ಕೊಡು.” ಬನ್ನು ಬಾಯಿಗಿಟ್ಟುಕೊಂಡು ಸೊಸೆಯ ತಲೆ ಸವರಿದಳು. “ಕೂದಲು ಹೋದ್ರೆ ಹೋಗ್ಲಿ. ನಿನ್ನ ಕೂದಲು ನೋಡಿ ಸೊಸೆ ಮಾಡ್ಕೊಂಡ್ನಾ ನಾನು?”

“ಮತ್ತೇನು ನೋಡಿ ಮಾಡ್ಕೊಂಡ್ರಿ?”

“ಹೆಣ್ಣು ನೋಡೋಕೆ ಬಂದಾಗ ನೀನು ತಂದಿಟ್ಟ ಕೇಕು ನೋಡಿ.”

ಅಳುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ.

ಮರುದಿನದಿಂದ ಹೊಸ ಹುಚ್ಚು ಹಿಡಿಯಿತು. ತನಗೂ ತಿನ್ನಲಾಗುವ ಬ್ರೆಡ್ಡು ಬೇಕು! ತೌಡು ತೆಗೆಯದ ಗೋಧಿ, ಅಗಸೆ, ಅಕ್ರೋಟು ಸೇರಿಸಿ ಬೇಯಿಸಿದ ಮೊದಲ ಬ್ರೆಡ್ಡನ್ನು ಗಂಡ ಬಾಗಿಲು ಬಡಿಯದ ಹಾಗೆ ಕಲ್ಲಿನಂತೆ ಅಡ್ಡ ಇಟ್ಟ. ಎರಡನೆಯದು ಒಳಗೆ ಹಸಿಯಾಗಿಯೇ ಉಳಿಯಿತು. ಹಿಟ್ಟಿಗೆ ನೀರು ಹೆಚ್ಚಿಸಿ, ರಾತ್ರಿಯೆಲ್ಲ ಹುಳಿ ಬರಲು ಬಿಟ್ಟ ಮೇಲೆ ಹೊರಪದರ ಕರುಂ ಎನ್ನುವ, ಒಳಗೆ ಹತ್ತಿಯಂಥ ಬ್ರೆಡ್ಡು ಬಂತು. ಅತ್ತೆ ಅಗಿದಳು. ಇನ್ನೊಂದು ತುಂಡಿಗೆ ಕೈ ಚಾಚಿದಳು. ಅಷ್ಟು ಸಾಕಾಯಿತು. ಕೆಲವೇ ವಾರಗಳಲ್ಲಿ ಅಂಗಡಿಯಲ್ಲಿ ಬನ್ನಿಗಿಂತ ಮೊದಲು ಖಾಲಿಯಾಗುವುದು ಅದೇ ಆಯಿತು.

ಚಳಿ ಕಳೆಯುವ ಹೊತ್ತಿಗೆ ತಲೆಯ ಮೂರು ನುಣ್ಣನೆಯ ಬಿಲ್ಲೆಗಳಲ್ಲಿ ಎರಡರಲ್ಲಿ ಕೂದಲು ಚಿಗುರಿತು. ಹತ್ತಿಯ ಎಳೆಯಂಥ ಬಿಳಿ ಕೂದಲು! ಮೂರನೆಯ ಬಿಲ್ಲೆ ಹಾಗೇ ನುಣ್ಣಗಿತ್ತು.

“ಡಾಕ್ಟ್ರೇ, ಇದು ಇಂಜೆಕ್ಷನ್ನಿಂದ ಬಂತಾ, ಸೊಪ್ಪಿನಿಂದ ಬಂತಾ?”

“ನಿಜ ಹೇಳ್ಬೇಕಂದ್ರೆ ಗೊತ್ತಿಲ್ಲ. ತಾನಾಗೇ ಬರೋದೂ ಉಂಟು. ಮತ್ತೆ ಹೋಗಲೂಬಹುದು.”

“ಹೋದ್ರೆ ಹೋಗ್ಲಿ ಬಿಡಿ. ಮಧ್ಯಾಹ್ನದ ತೂಕಡಿಕೆ ಹೋಗಿದೆ, ಮೈ ಹಗುರಾಗಿದೆ. ಊಟ ಮಾತ್ರ ಬಿಡಲ್ಲ.”

ಅಂದು ಅತ್ತೆಯೊಡನೆ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳು ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಕೈಚೀಲಕ್ಕೆ ಹಾಕಿದಳು. ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬಿಬ್ಬರು ತಿರುಗಿ ನೋಡಿದರು. ಗಾಳಿಗೆ ಬಿಳಿಯ ಎಳೆಗಳು ಅಲುಗಾಡಿ ನೆತ್ತಿಗೆ ಕಚಗುಳಿಯಿಡುತ್ತಿದ್ದವು. “ಅತ್ತೆ, ನಡ್ಕೊಂಡೇ ಹೋಗೋಣ,” ಎಂದಳು. ಇಬ್ಬರೂ ಕೈ ಹಿಡಿದುಕೊಂಡು, ಮರಗಳ ನೆರಳಿನ ರಸ್ತೆಯಲ್ಲಿ, ಯಾವುದೋ ಹಳೆಯ ಜೋಕು ಹೇಳಿಕೊಂಡು, ಹೊಟ್ಟೆ ಹುಣ್ಣಾಗುವಷ್ಟು ನಗುತ್ತ ಮನೆಯ ಕಡೆ ನಡೆದರು.