ಅತ್ತೆ ಸೋಲುತ್ತದೆ ಎಂದ ಕುದುರೆ

ಅತ್ತೆ ತೀರಿಕೊಂಡ ಮೇಲೆ ಮನೆಗೆ ಮಾತಾಡಿಸಲು ಬಂದವರೆಲ್ಲ ಸೇರಿ ಅವರನ್ನು ಸ್ವಲ್ಪಸ್ವಲ್ಪವಾಗಿ ಬೇರೆ ಹೆಂಗಸನ್ನಾಗಿ ಮಾಡಿದರು. ಮೊದಮೊದಲು ಬಂದವರು "ಭಾಳ ಗಟ್ಟಿ ಹೆಣ್ಮಗಳು" ಅಂದರು. ಅದು ನಿಜ. ದಿನಕಾರ್ಯ ಮುಗಿಯುವ ಹೊತ್ತಿಗೆ ಅವರು ಯಾರಿಗೂ ಎದುರಾಡದವರಾಗಿದ್ದರು. ಆಮೇಲೆ ಬಂದವರ ಬಾಯಲ್ಲಿ ಸಾಕ್ಷಾತ್ ದೇವರಾದರು. ನಾನು ಚಹಾ ತಂದಿಡುತ್ತ ಕೇಳಿಸಿಕೊಳ್ಳುತ್ತಿದ್ದೆ. ಹಾಗಾದರೆ ಇಷ್ಟು ವರ್ಷ ಒಂದೇ ಅಡಿಗೆಮನೆಯಲ್ಲಿ ನನ್ನ ಜೊತೆ ಜಗಳಾಡಿದವರು ಯಾರು?

ನಾನು ಸೊಸೆ. ಅತ್ತೆ ಸತ್ತರೆ ಸೊಸೆಗೂ ದುಃಖವಾಗುತ್ತದೆ ಎಂದು ಯಾರೂ ಸುಲಭಕ್ಕೆ ನಂಬುವುದಿಲ್ಲ. ಬಂದವರು ನನ್ನ ಗಂಡನ ಕೈ ಹಿಡಿದುಕೊಂಡು ಕೂರುತ್ತಿದ್ದರು. ಮಿಯಾಪುರದಿಂದ ಬಂದು ನಮ್ಮಲ್ಲೇ ಉಳಿದಿದ್ದ ನಾದಿನಿಯನ್ನು ಅಪ್ಪಿಕೊಂಡು ಅಳುತ್ತಿದ್ದರು. ನನ್ನನ್ನು ನೋಡಿದರೆ "ನನಗ ಸಕ್ಕರಿ ಕಮ್ಮಿ ಹಾಕವ್ವ" ಅನ್ನುತ್ತಿದ್ದರು.

ಅತ್ತೆ ಮತ್ತು ನಾನು ಜಗಳವಿಲ್ಲದೆ ಕೂರುತ್ತಿದ್ದ ಜಾಗ ಒಂದೇ, ಮಾಳಿಗೆ. ಜಗಳವಿಲ್ಲದೆ ಅಂದರೆ ಪೂರ್ತಿ ಸರಿಯಲ್ಲ. ಅಲ್ಲಿಯ ಜಗಳ ಕುದುರೆಗಳ ಬಗ್ಗೆ ಇರುತ್ತಿತ್ತು, ಅಷ್ಟೆ. ನಮ್ಮ ಮನೆ ಮಲಕಪೇಟೆಯಲ್ಲಿ. ಅಪಾರ್ಟ್‌ಮೆಂಟಿನ ಮಾಳಿಗೆ ಹತ್ತಿದರೆ ರೇಸ್‌ಕೋರ್ಸಿನ ಕೊನೆಯ ತಿರುವು ಕಾಣುತ್ತದೆ, ಅದರ ಪಕ್ಕದಲ್ಲೇ ಲಾಯಕ್ಕೆ ಹೋಗುವ ಗೇಟೂ ಕಾಣುತ್ತದೆ. ಗೆಲುವಿನ ಗೆರೆ ಮಾತ್ರ ಕಾಣುವುದಿಲ್ಲ. ಅದಕ್ಕೆ ಅಡ್ಡವಾಗಿ ದೊಡ್ಡ ಕಟ್ಟಡವೊಂದು ಎದ್ದಿದೆ. ಬೆಳಗಿನ ಹೊತ್ತು ಕುದುರೆಗಳನ್ನು ಓಡಿಸಿ ತಾಲೀಮು ಕೊಡುವಾಗ ನಾವು ಒಗೆದ ಬಟ್ಟೆಯ ಬುಟ್ಟಿ ಇಟ್ಟುಕೊಂಡು ನೋಡುತ್ತಿದ್ದೆವು. ಅತ್ತೆ ಒಮ್ಮೆಯೂ ರೇಸ್‌ಕೋರ್ಸಿನ ಒಳಗೆ ಕಾಲಿಟ್ಟವರಲ್ಲ, ಯಾವ ಕುದುರೆಯ ಮೇಲೂ ಒಂದು ಪೈಸೆ ಕಟ್ಟಿದವರಲ್ಲ. ಆದರೆ ಯಾವುದು ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂದು ಹೇಳದೆ ಕೆಳಗಿಳಿಯುತ್ತಿರಲಿಲ್ಲ.

ಆ ವರ್ಷದ ದೊಡ್ಡ ರೇಸಿಗೆ ಎಲ್ಲರ ಬಾಯಲ್ಲಿದ್ದದ್ದು ಒಂದು ಕಂದು ಕುದುರೆ. ಕೆಳಗಿನ ಇಸ್ತ್ರಿ ಅಂಗಡಿಯವನು ಅದರ ವಿಷಯ ಹೇಳಿದ್ದ. ಅದು ಟ್ರ್ಯಾಕಿಗೆ ಬರುವಾಗ ಮುಂದೊಬ್ಬ, ಹಿಂದೊಬ್ಬ, ನೋಡಲು ನಿಂತವರು ನಾಲ್ಕೈದು ಜನ. ಅತ್ತೆ ಅದಕ್ಕೆ "ಅಳಿಯ" ಎಂದು ಹೆಸರಿಟ್ಟರು. "ನೋಡು, ಅಳಿಯಾ ಬಂದ. ಇನ್ನ ಎಲ್ಲಾರೂ ಎದ್ದು ನಿಂದ್ರಬೇಕು" ಅನ್ನುತ್ತಿದ್ದರು. ಇದು ನಾದಿನಿಯ ಕಿವಿಗೆ ಬಿದ್ದ ದಿನ ಅವಳು ಊಟ ಮಾಡದೆ ಹೋದಳು.

ಇಸ್ತ್ರಿಯವನು ಒಂದು ದಿನ ಬಟ್ಟೆ ಕೊಡಲು ಬಂದಾಗ ಹೇಳಿದ, "ಅಮ್ಮಾ, ಓ ತೋ ಆಂಖ್ ಬಂದ್ ಕರ್‌ಕೇ ಜೀತೇಗಾ." ಕಣ್ಣು ಮುಚ್ಚಿಕೊಂಡೇ ಗೆಲ್ಲುತ್ತದೆ ಎಂದು.

ಅತ್ತೆ ನನ್ನ ಕಡೆ ತಿರುಗಿ, "ಕಣ್ಣು ಮುಚ್ಚಿದ್ರ ಗೆದ್ದೀತು. ಅದರ ಕಣ್ಣು ಲಾಯದ ಕಡೀಗೆ ತೆರೆದಾವ. ಅದಕ್ಕ ಸೋಲ್ತೈತಿ ಅಂತ ಹೇಳವಗ" ಅಂದರು.

ಅವರು ಹೇಳಿದ್ದರಲ್ಲಿ ವಿಷಯವಿತ್ತು. ಆ ಕುದುರೆ ಪ್ರತಿ ಸಲ ಕೊನೆಯ ತಿರುವಿಗೆ ಬಂದಾಗ ಲಾಯದ ಗೇಟಿನ ಕಡೆ ಮುಖ ತಿರುಗಿಸುತ್ತಿತ್ತು. ಸ್ವಲ್ಪವೇ. ಆದರೆ ಆ ಸ್ವಲ್ಪದಲ್ಲಿ ಅದರ ಓಟ ಹೊರಗಡೆಗೆ ಜಾರುತ್ತಿತ್ತು.

"ಮನೀ ಕಡೆ ಲಕ್ಷ್ಯ ಇರೋ ಕುದುರಿ ಗೆಲ್ಲಂಗಿಲ್ಲ" ಅಂದರು ಅತ್ತೆ.

ನಾನು ಒಪ್ಪಲಿಲ್ಲ. "ಮುಂಜಾನಿ ಲಗಾಮು ಸಡಿಲ ಬಿಟ್ಟಿರ್ತಾರ್ರಿ ಅತ್ತಿ. ರೇಸಿನ ದಿನ ಜಾಕಿ ಬ್ಯಾರೆ ಇರ್ತಾನ. ಅದು ಗೆಲ್ತೈತಿ."

"ಜಾಕಿ ಬ್ಯಾರೆ. ಕುದುರಿ ಕುತ್ತಿಗಿ ಅದೇ ಅಲ್ಲೇನು?"

"ನಿಮಗ ಎಲ್ಲಾ ಗೊತ್ತು."

"ನಿನಗಿಂತ ಗೊತ್ತು."

ದೊಡ್ಡ ರೇಸು ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಅತ್ತೆ ಏಳಲಿಲ್ಲ.

ರೇಸಿನ ದಿನವೂ ಮನೆ ತುಂಬ ಜನರಿದ್ದರು. ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಕೂತಿದ್ದರು. ನಾನು ಚಪ್ಪಲಿ ಹಾಕಿಕೊಳ್ಳುವುದನ್ನು ನಾದಿನಿ ನೋಡಿದಳು.

"ಎಲ್ಲಿಗ್ರಿ ವೈನಿ?"

"ಮಾಳಿಗಿಗೆ."

"ಇವತ್ತ? ಇಷ್ಟು ಮಂದಿ ಕುಂತಾರ. ಅವ್ವ ಹೋಗಿ ತಿಂಗಳಾಗಿಲ್ಲ, ಸೊಸಿ ಕುದುರಿ ನೋಡಾಕತ್ತಾಳ ಅಂದ್ರ ಏನಂದಾರು?"

"ಸೊಸಿ ಕುದುರಿ ನೋಡಾಕತ್ತಾಳ ಅಂದಾರು" ಅಂದು ಮೆಟ್ಟಿಲು ಹತ್ತಿದೆ. ಅಳುವುದಕ್ಕೆ ನನಗೆ ಹಾಲ್‌ನಲ್ಲಿ ಜಾಗ ಕೊಟ್ಟಿರಲಿಲ್ಲ. ಮಾಳಿಗೆ ಯಾರನ್ನೂ ಕೇಳಿ ಪಡೆಯಬೇಕಾದ ಜಾಗವಲ್ಲ.

ಬಿಸಿಲಿತ್ತು. ರೇಸ್‌ಕೋರ್ಸಿನ ಕಡೆಯಿಂದ ಜನರ ಸದ್ದು ಮೊದಲು ಸಣ್ಣಗೆ ಶುರುವಾಯಿತು. ಆಮೇಲೆ ಕುದುರೆಗಳು ಗುಂಪಾಗಿ ತಿರುವಿಗೆ ಬಂದವು, ಕಂದು ಕುದುರೆ ಎಲ್ಲಕ್ಕಿಂತ ಮುಂದಿತ್ತು. ಗೇಟು ಹತ್ತಿರವಾಗುತ್ತಿದ್ದಂತೆ ಅದು ಮುಖ ತಿರುಗಿಸಿತು. ಅತ್ತೆ ಹೇಳಿದ ಜಾಗದಲ್ಲೇ, ಹೇಳಿದ ಹಾಗೆಯೇ ಹೊರಗೆ ಜಾರಿತು. ಒಳಗಿನಿಂದ ಬಿಳಿ ಪಟ್ಟಿಯ ಇನ್ನೊಂದು ಕುದುರೆ ಅದರ ಪಕ್ಕಕ್ಕೆ ಬಂತು. ಜಾಕಿ ಕಂದು ಕುದುರೆಯನ್ನು ಒಳಕ್ಕೆ ಎಳೆದ. ಅಷ್ಟರಲ್ಲಿ ಎರಡೂ ಕಟ್ಟಡದ ಹಿಂದೆ ಮರೆಯಾದವು.

ಸೋಲುತ್ತದೆ ಅಂದುಕೊಂಡೆ. ಗೆಲ್ಲುತ್ತದೆ ಎಂದು ವಾದಿಸಿದವಳು ನಾನೇ, ಆದರೂ ಆ ಹೊತ್ತಿಗೆ ಅದು ಸೋಲಲಿ ಎಂದು ಗೋಡೆ ಹಿಡಿದುಕೊಂಡು ನಿಂತಿದ್ದೆ. ಜನರ ಕೂಗು ಎದ್ದಿತು, ಇಳಿಯಿತು. ಯಾರು ಗೆದ್ದರು ಎಂದು ಕೂಗಿನಿಂದ ತಿಳಿಯುವುದಿಲ್ಲ.

ಕೆಳಗಿಳಿದು ಇಸ್ತ್ರಿ ಅಂಗಡಿಗೆ ಹೋಗಿ ಕೇಳಿದೆ. ಕಂದು ಕುದುರೆ ಗೆದ್ದಿತ್ತು. ಅತ್ತೆ ಸೋತಿದ್ದರು.

ಮನೆಗೆ ಬಂದು "ಅದು ಗೆದ್ತು" ಎಂದಷ್ಟೇ ಹೇಳಿ ಒಳಗೆ ಹೋದೆ. ಹಿಂದಿನಿಂದ ನಾದಿನಿಯ ದನಿ ಕೇಳಿಸಿತು, "ಅವ್ವ ಸಾಯೂತನಕ ಅದ ಕುದುರಿ ಮಾತಾಡ್ತಿದ್ಲು." ಅವಳು ಸುಳ್ಳು ಹೇಳಲಿಲ್ಲ. ಅವ್ವ ಮಾತಾಡುತ್ತಿದ್ದದ್ದು ಅವಳಿಗೆ ಗೊತ್ತು, ಏನು ಎಂಬುದು ಗೊತ್ತಿಲ್ಲ. ಉಳಿದದ್ದನ್ನು ಹಾಲ್‌ನಲ್ಲಿದ್ದವರು ತಾವೇ ತುಂಬಿಕೊಂಡರು. ಮರುದಿನದ ಹೊತ್ತಿಗೆ ಅತ್ತೆ ಸಾಯುವ ಮೊದಲು ಕುದುರೆಯ ಗೆಲುವು ನುಡಿದಿದ್ದರು. ಅದರ ಮಾರನೆಯ ದಿನ ದಿಲ್‌ಸುಖ್‌ನಗರದಿಂದ ಬಂದ ಹೆಂಗಸೊಬ್ಬಳು ತನ್ನ ಮಗನ ಕೋಚಿಂಗ್ ಪರೀಕ್ಷೆಯ ಬಗ್ಗೆ ಅವರು ಏನಾದರೂ ನುಡಿದಿದ್ದರೇ ಎಂದು ಕೇಳಿದಳು.

ರಾತ್ರಿ ಊಟಕ್ಕೆ ಕೂತಾಗ, ಅತ್ತೆ ಅಂದದ್ದು ಹಾಗಲ್ಲ ಎಂದು ಗಂಡನಿಗೆ ಹೇಳಿದೆ. ಅವರು, "ಇರ್ಲಿ ಬಿಡು, ಅವರಿಗೂ ಸಮಾಧಾನ ಆಗ್ತೈತಿ" ಅಂದರು.

ನನಗೆ ಸಮಾಧಾನವಾಗಲಿಲ್ಲ. ತಪ್ಪೇ ಮಾಡದ ಹೆಂಗಸಿನ ಜೊತೆ ನಾನು ಬಾಳಿಲ್ಲ. ಅಂಥವಳು ಸತ್ತಳು ಅಂದರೆ ನನ್ನ ಕಣ್ಣಲ್ಲಿ ನೀರು ಬರುವುದಿಲ್ಲ.

ತಿಂಗಳ ಕಾರ್ಯದ ದಿನ ಕಲಬುರಗಿಯಿಂದ ಅತ್ತೆಯ ತಮ್ಮ ಬಂದರು. ಊಟವಾದ ಮೇಲೆ ಮಾಮಾ ಎಲ್ಲರ ನಡುವೆ ಕೂತು, "ಅಕ್ಕಗ ಕಡೀಗೆ ವಾಕ್‌ಸಿದ್ಧಿ ಬಂದಿತ್ತು. ಅಂದಿದ್ದೆಲ್ಲಾ ಆಗ್ತಿತ್ತು. ಆ ಕುದುರೀನ ನೋಡ್ರಿ" ಅಂದರು. ಎಲ್ಲರೂ ತಲೆಯಾಡಿಸಿದರು.

"ಇಲ್ರಿ ಮಾಮಾರ" ಅಂದೆ. "ಅತ್ತಿ ಸೋಲ್ತೈತಿ ಅಂದಿದ್ರು. ಗೆಲ್ತೈತಿ ಅಂದಾಕಿ ನಾನು. ಅವರ ಮಾತು ತಪ್ಪಾತು."

ಗಂಡ ನೆಲ ನೋಡಿದರು. ನಾದಿನಿಯ ಮುಖ ಕೆಂಪಾಗಿತ್ತು.

"ಸತ್ತಾಕಿ ಮ್ಯಾಲೂ ನೀವ ಗೆಲ್ಲಬೇಕೇನ್ರಿ ವೈನಿ?"

"ಹೂಂ. ಆಕಿ ಬಿಡ್ತಿದ್ಲೇನು ನನ್ನ? ಸೋತ ದಿನ ಎಷ್ಟು ಜಗಳಾ ತೆಗೀತಿದ್ಲು ನಿಮಗ ಗೊತ್ತಿಲ್ಲೇನು?" ಅತ್ತೆಯನ್ನು ಏಕವಚನದಲ್ಲಿ ಕರೆದದ್ದು ಆಮೇಲೆ ತಿಳಿಯಿತು. ತಿದ್ದಿಕೊಳ್ಳಲಿಲ್ಲ.

ನಾದಿನಿ ಸೆರಗಿನಿಂದ ಮೂಗು ಒರೆಸಿಕೊಂಡು, "ತಪ್ಪು ಜಾಕಿ ಮ್ಯಾಲ ಹಾಕ್ತಿದ್ಲು" ಅಂದಳು.

"ಮೊದಲ ನನ್ನ ಮ್ಯಾಲ. ಆಮ್ಯಾಲ ಜಾಕಿ ಮ್ಯಾಲ."

ಮಾಮಾ ಮಾತ್ರ ಇನ್ನೂ ಯೋಚಿಸುತ್ತಿದ್ದರು. "ಸೋಲ್ತೈತಿ ಅಂತ ಯಾಕ ಅಂದ್ಲು?" ಎಂದು ಕೇಳಿದರು. ಲಾಯದ ಗೇಟು, ತಿರುವು, ಕುತ್ತಿಗೆ ಎಲ್ಲ ಹೇಳಿದೆ.

"ರೇಸಿನ ದಿನ ಖರೇನ ಮಾರಿ ತಿರುವಿತ್ತೇನು?"

"ತಿರುವಿತ್ರಿ. ಕಣ್ಣಾರೆ ನೋಡೀನಿ."

"ಹಂಗಾರ ಅಕ್ಕಂದು ತಪ್ಪಲ್ಲ."

"ತಪ್ಪುರಿ. ಕುದುರಿ ಗೆದ್ದೈತಿ."

"ಜಾಕಿ ಗೆದ್ದಾನ."

"ಜಾಕಿ ಒಬ್ಬನ ಓಡಿ ಗೆದ್ದನೇನ್ರಿ ಮಾಮಾರ?"

"ಅರ್ಧ ತಪ್ಪು" ಅಂದರು ಮಾಮಾ, ಕಾಲು ಮಡಚಿಕೊಂಡು ಸರಿಯಾಗಿ ಕೂತು. ನಾನು ಪೂರಾ ಅಂದೆ. ನಾದಿನಿ ಮಾಮಾನ ಕಡೆ ಸೇರಿದಳು. ಮಾತಾಡಿಸಲು ಬಂದ ಯಾರೋ ಬಾಗಿಲಲ್ಲಿ ನಿಂತೇ ಇದ್ದರು. ಒಳಗೆ ಬನ್ನಿ ಅನ್ನಲು ನಮಗೆ ಪುರಸೊತ್ತಿರಲಿಲ್ಲ.