ಬೆಂಕಿಯ ಸೈರನ್‌ಗೂ ಸಾಲು ನಿಂತೆವು

1983ನೇ ಇಸವಿ. ಆಯುಧಪೂಜೆ ಮುಗಿದು ಎರಡು ವಾರವಾಗಿತ್ತು. ಪೀಣ್ಯದ ಒಂದು ಮೋಟಾರ್ ಕಾರ್ಖಾನೆಯಲ್ಲಿ ನಾನು ಟೈಮ್ ಆಫೀಸ್ ಗುಮಾಸ್ತೆ. ಒಳಗೆ ಬರುವವರು, ಹೊರಗೆ ಹೋಗುವವರು ಗಡಿಯಾರದ ಯಂತ್ರಕ್ಕೆ ಕಾರ್ಡು ಹಾಕಿ ಪಂಚ್ ಮಾಡಿದರೋ ಇಲ್ಲವೋ ನೋಡುವುದು ನನ್ನ ಕೆಲಸ. ಹೆದರುವುದು ನನ್ನ ಸ್ವಭಾವ. ಸ್ಟವ್ ಆರಿಸಿದೆನೋ ಇಲ್ಲವೋ ಅಂತ ದಾಸರಹಳ್ಳಿ ಬಸ್‌ಸ್ಟಾಪಿನಿಂದ ಎಷ್ಟು ಸಲ ಮನೆಗೆ ವಾಪಸ್ ಓಡಿದ್ದೇನೋ! ಕಾರ್ಖಾನೆಗೆ ಒಂದು ಸುರಕ್ಷತಾ ಸಮಿತಿ ಬೇಕು ಅಂದಾಗ ಮ್ಯಾನೇಜರು, ಹೇಗೂ ಹೆದರ್ತಾನೇ ಇರ್ತೀರಲ್ಲ, ನೀವೇ ಕಾರ್ಯದರ್ಶಿ ಆಗಿ ಅಂದುಬಿಟ್ಟರು. ಪ್ರತಿ ಸೋಮವಾರ ಕೆಂಪು ಬಕೆಟ್ಟಿನ ಮರಳಿನಿಂದ ಬೀಡಿ ತುಂಡು ಹೆಕ್ಕುವುದೇ ಆ ಪದವಿಯ ಮುಖ್ಯ ಕೆಲಸವಾಗಿತ್ತು.

ಆಗ ಬಾಂಗ್ಲಾದೇಶದಿಂದ ರಫೀಕ್ ಎಂಬ ಯುವಕ ಮೋಟಾರ್ ವೈಂಡಿಂಗ್ ಕಲಿಯಲು ಮೂರು ತಿಂಗಳ ಮಟ್ಟಿಗೆ ಬಂದಿದ್ದ. ಅವನ ಊರು ಸಮುದ್ರದ ದಂಡೆಯಲ್ಲಿ ಅಂತ ಗೊತ್ತಾದದ್ದೇ ತಡ, ಊಟದ ಹೊತ್ತಿನಲ್ಲಿ ನನ್ನ ಹರಕು ಹಿಂದಿಯಲ್ಲಿ ಅವನ ಬೆನ್ನು ಹತ್ತಿದೆ. ಚಂಡಮಾರುತ ಬಂದರೆ ಏನು ಮಾಡ್ತೀರಿ? ಮೊದಲು ಯಾರಿಗೆ ಗೊತ್ತಾಗುತ್ತೆ? ಎಲ್ಲಿಗೆ ಓಡ್ತೀರಿ?

ಅವನಿಗೂ ಖುಷಿಯಾಯಿತು. ಊರಿನಲ್ಲಿ ಎಚ್ಚರಿಕೆ ಕೊಡುವ ಸ್ವಯಂಸೇವಕರಲ್ಲಿ ಅವನೂ ಒಬ್ಬನಂತೆ. ರೇಡಿಯೋದಲ್ಲಿ ಸುದ್ದಿ ಬಂದ ಕೂಡಲೇ ಕಂಬಕ್ಕೆ ಬಾವುಟ ಏರಿಸುತ್ತಾರಂತೆ. ಅಪಾಯ ಹೆಚ್ಚಾದ ಹಾಗೆ ಬಾವುಟವೂ ಹೆಚ್ಚುತ್ತದೆ. ಕೈಯಲ್ಲಿ ತಿರುಗಿಸುವ ಸೈರನ್ ಇದೆ, ಕೂಗಿ ಹೇಳುವುದಕ್ಕೆ ಮೈಕಿನ ಕೊಳವೆ ಇದೆ. ಸರಿ, ಅದನ್ನು ಕೇಳಿ ಜನ ಹೊರಡ್ತಾರಾ ಅಂದೆ. ಅವನು ನಕ್ಕ.

"ಯಾರೂ ಹೊರಡಲ್ಲ ದೀದಿ. ಹಸು ಬಿಟ್ಟು ಹೆಂಗೆ ಬರಲಿ ಅಂತಾಳೆ ಅಜ್ಜಿ. ಗುರುತಿನವನೇ ಹೋಗಿ ಬಾಗಿಲು ತಟ್ಟಬೇಕು. ಅದಕ್ಕೇ ಯಾರು ಯಾವ ಮನೆಗೆ ಹೋಗ್ಬೇಕು ಅಂತ ನಮಗೆ ಮನೆ ಹಂಚಿಕೊಟ್ಟಿರ್ತಾರೆ."

ಆಮೇಲೆ ನಿಮ್ಮಲ್ಲಿ ಹೇಗೆ ಅಂತ ಕೇಳಿದ. ನಾನು ಹೆಮ್ಮೆಯಿಂದ ಚಾವಣಿಯ ಮೇಲಿನ ಸೈರನ್ ತೋರಿಸಿದೆ. ಅಷ್ಟೇನಾ ಅನ್ನುವ ಹಾಗೆ ಕತ್ತೆತ್ತಿ ನೋಡಿದ, ಆದರೆ ಚೆನ್ನಾಗಿದೆ ದೀದಿ ಅಂದ. ಮರ್ಯಾದಸ್ಥ.

ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಸುತ್ತಿದ ಕಾಯಿಲ್‌ಗಳಿಗೆ ವಾರ್ನಿಷ್ ಬಳಿದು ಒಣಗಿಸುವ ಓವನ್ನಿಗೆ ಬೆಂಕಿ ಹತ್ತಿತು. ಯಾರೋ ಓಡಿಹೋಗಿ ಸೈರನ್ ಒತ್ತಿದರು. ಕಷ್ಟವೇನೆಂದರೆ, ಪಾಳಿ ಮುಗಿದಾಗ ಕೂಗುವುದೂ ಅದೇ ಸೈರನ್. ಯಾಕಿಷ್ಟು ಬೇಗ ಅಂತ ಯೋಚಿಸುವ ಮೊದಲೇ ಎಲ್ಲರ ಕಾಲು ಅಭ್ಯಾಸದ ದಾರಿ ಹಿಡಿದವು. ಕೈ ತೊಳೆದುಕೊಂಡು, ಊಟದ ಡಬ್ಬಿ ಹಿಡಿದು, ಇಡೀ ಕಾರ್ಖಾನೆ ನನ್ನ ಕಿಟಕಿಯ ಮುಂದೆ ಸಾಲು ನಿಂತಿತು. ಹಿಂದೆ ಹೊಗೆ ಏಳುತ್ತಿದ್ದುದು ಕಂಡ ಮೇಲೂ ಸಾಲು ಮುರಿಯಲಿಲ್ಲ. ಪಂಚ್ ಮಾಡದೆ ಹೋದರೆ ಅರ್ಧ ದಿನ ರಜೆ ಹಾಕುತ್ತಿದ್ದವಳು ನಾನೇ ತಾನೆ?

ಸುರಕ್ಷತಾ ಸಮಿತಿಯ ಕಾರ್ಯದರ್ಶಿ ಆಗ ಮಾಡಿದ್ದೇನು ಗೊತ್ತೆ? ಕಿಟಕಿಯಿಂದ ಕತ್ತು ಹೊರಹಾಕಿ, "ನೂಕಬೇಡಿ, ಒಬ್ಬೊಬ್ಬರಾಗಿ ಹಾಕಿ" ಅಂತ ಸಾಲು ಸರಿಮಾಡುತ್ತಿದ್ದೆ.

ರಫೀಕ್ ಸಾಲನ್ನು ಸೀಳಿಕೊಂಡು ಕಿಟಕಿಗೆ ಬಂದ. "ದೀದಿ, ಮುನಿಯಪ್ಪ ಎಲ್ಲಿ?"

ಮುನಿಯಪ್ಪ ವರ್ಷಗಟ್ಟಲೆ ಪವರ್ ಪ್ರೆಸ್ಸಿನ ಅಬ್ಬರದಲ್ಲಿ ದುಡಿದು ಕಿವಿ ಕಳೆದುಕೊಂಡಿದ್ದ. ಅವನನ್ನು ಓವನ್ನಿನ ಹಿಂದಿನ ಕೋಣೆಯಲ್ಲಿ ತಂತಿ ವಿಂಗಡಿಸಲು ಕೂರಿಸಿದ್ದರು. ಅವನಿಗೂ ರಫೀಕನಿಗೂ ದಿನಾ ಒಟ್ಟಿಗೇ ಟೀ. ಇಬ್ಬರಿಗೂ ಗೊತ್ತಿರುವ ಭಾಷೆ ಒಂದೂ ಇಲ್ಲ, ಕೈಸನ್ನೆಯಲ್ಲೇ ಹರಟೆ. ನಾನು ಕಾರ್ಡಿನ ಹಲಗೆಯತ್ತ ನೋಡಿದೆ. ಮುನಿಯಪ್ಪನ ಕಾರ್ಡು 'ಒಳಗೆ' ಇರುವವರ ಕಡೆಯೇ ಇತ್ತು, ಸಾಲಿನಲ್ಲಿ ಮಾತ್ರ ಅವನಿರಲಿಲ್ಲ. ಊರಿನ ಅಪಾಯವನ್ನೆಲ್ಲ ತಲೆಯಲ್ಲಿ ಹೊತ್ತು ತಿರುಗುತ್ತಿದ್ದ ನನಗೆ, ಸೈರನ್ ಕೇಳಿಸದ ಒಬ್ಬ ಮನುಷ್ಯ ಅಲ್ಲಿ ಕೂತಿದ್ದಾನೆಂದು ಒಂದು ದಿನವೂ ಹೊಳೆದಿರಲಿಲ್ಲ.

ನನ್ನ ಮುಖ ನೋಡಿದ್ದೇ ರಫೀಕ್ ಕುಡಿಯುವ ನೀರಿನ ಡ್ರಮ್ಮಿಗೆ ಟವೆಲ್ಲು ಅದ್ದಿ ಮೂಗಿಗೆ ಕಟ್ಟಿಕೊಂಡು ಒಳಗೆ ಓಡಿದ. ನಾನು ಹೊರಬಂದು, ಕಾರ್ಡು ಯಾರೂ ಹಾಕಬೇಡಿ, ಹೋಗಿ, ಹೋಗಿ ಅಂತ ಜನರನ್ನು ಗೇಟಿನಾಚೆ ದಬ್ಬತೊಡಗಿದೆ. ದಬ್ಬುತ್ತಲೇ ತಿರುಗಿ ತಿರುಗಿ ನೋಡುತ್ತಿದ್ದೆ. ಹೊಗೆ ಕಪ್ಪಗಾಗುತ್ತಿತ್ತು. ಎರಡು ನಿಮಿಷವೋ ಐದು ನಿಮಿಷವೋ, ನನಗೆ ಇವತ್ತಿಗೂ ಹೇಳಲಾಗದು.

ಕೊನೆಗೆ ಇಬ್ಬರೂ ಹೊರಬಂದರು. ರಫೀಕ್ ರಟ್ಟೆ ಹಿಡಿದು ಎಳೆಯುತ್ತಿದ್ದಾನೆ, ಮುನಿಯಪ್ಪ ಕೆಮ್ಮುತ್ತಲೇ ಬೈಯುತ್ತಿದ್ದಾನೆ.

"ಸೈರನ್ ಟೇಮೇ ಆಗಿಲ್ಲ, ಓವನ್ ಹೊಗೆ ದಿನಾ ಇದ್ದಿದ್ದೇ, ಇವನ್ಯಾಕಕ್ಕಾ ನನ್ನ ಇಂಗೆ ಎಳ್ಕಂಡ್ ಬಂದ?"

ನಾನು ಹಿಂದಕ್ಕೆ ಕೈ ತೋರಿಸಿದೆ. ತಿರುಗಿ ನೋಡಿದ. ಅವನ ಕೋಣೆಯ ಕಿಟಕಿಯಿಂದ ಜ್ವಾಲೆ ಬರುತ್ತಿತ್ತು. ಅಲ್ಲೇ ನೆಲದ ಮೇಲೆ ಕೂತು, ರಫೀಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಗ್ನಿಶಾಮಕದವರು ಬಂದು ಹೋಗುವವರೆಗೂ ಬಿಡಲಿಲ್ಲ.

ಆಮೇಲೆ ಕಾರ್ಖಾನೆಗೆ ಬೆಂಕಿಗೇ ಅಂತ ಬೇರೆ ಗಂಟೆ ಬಂತು. ಐದೈದು ಜನರ ಹೊಣೆ ಒಬ್ಬೊಬ್ಬರಿಗೆ ಹಂಚಿದೆವು. ಮುನಿಯಪ್ಪನನ್ನು ನಾನೇ ಕೇಳಿ ಪಡೆದೆ. ರಫೀಕ್ ತರಬೇತಿ ಮುಗಿಸಿ ಊರಿಗೆ ಹೋದ.

ಈಗಲೂ ರೇಡಿಯೋದಲ್ಲಿ ಬಂಗಾಳಕೊಲ್ಲಿಯ ಚಂಡಮಾರುತದ ಸುದ್ದಿ ಬಂದರೆ ಒಗ್ಗರಣೆ ಸೌಟು ಹಿಡಿದುಕೊಂಡೇ ನಿಂತುಬಿಡುತ್ತೇನೆ. ಅವನು ತನ್ನ ಪಾಲಿನ ಮನೆಗಳಿಗೆ ಹೊರಟಿರುತ್ತಾನೆ ಅಂದುಕೊಳ್ಳುತ್ತೇನೆ. ಅಷ್ಟೆಲ್ಲ ಪ್ರಶ್ನೆ ಕೇಳಿದವಳು ಒಂದನ್ನು ಮಾತ್ರ ಕೇಳಲಿಲ್ಲ: ರಫೀಕನ ಮನೆ ಯಾರ ಪಾಲಿಗೆ ಬಂದಿದೆ?